ಏಳು ಮಹಡಿಯ ಹಾಡು

ಗಾಡಿಯವನು ಲಿಫ್ಟಿನೊಳಗೆ ಹೋಗಿ, ಅಳತೆ ಪಟ್ಟಿಯನ್ನು ಮೂಲೆಯಿಂದ ಮೂಲೆಗೆ ಓರೆಯಾಗಿ ಹಿಡಿದು ನೋಡಿ, ಮತ್ತೊಮ್ಮೆ ನೋಡಿ, ಪಟ್ಟಿಯನ್ನು ಸರ್ರನೆ ಒಳಗೆಳೆದುಕೊಂಡ.

"ಆಗಲ್ಲಮ್ಮ. ಓರೆಯಾಗಿಟ್ರೂ ನಾಲ್ಕೂವರೆ ಅಡಿ. ಸ್ಟ್ರೆಚರ್ ಹಿಡಿಸಲ್ಲ. ಬೇಕಾದ್ರೆ ನಿಲ್ಲಿಸ್ಕೊಂಡು ಹೋಗ್ಬಹುದು, ಅದು ಚೆನ್ನಾಗಿರಲ್ಲ."

"ಬೇಡ," ಎಂದಳು ಮಗಳು.

"ನಿಂತ್ಕೊಂಡು ಹೋಗೋದು ನಮ್ಮಣ್ಣನಿಗೇನು ಹೊಸದಲ್ಲ," ಎಂದ ಹಿಂದಿನಿಂದ ಚಿಕ್ಕಪ್ಪ. "ಮೂವತ್ನಾಲ್ಕು ವರ್ಷ ನಿಂತ್ಕೊಂಡೇ ಹೋಗಿದಾನೆ."

ಹಾಗೆಂದವನು ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿಕೊಂಡ. ನಿನ್ನೆ ಮಧ್ಯಾಹ್ನದಿಂದ ಅವನು ಹೀಗೆ ಹತ್ತು ಹನ್ನೆರಡು ಜೋಕು ಹೊಡೆದಿದ್ದ. ಜೀವನದಲ್ಲಿ ನಮ್ಮಣ್ಣನಷ್ಟು ಏರಿಳಿತ ಕಂಡವರು ಯಾರಿದ್ದಾರೆ, ದಿನಕ್ಕೆ ಎಂಬತ್ತು ಸಲ ಅಂತ ಪಕ್ಕದ ಮನೆಯವರಿಗೂ ಹೇಳಿದ್ದ. ಒಂದಕ್ಕೂ ಯಾರೂ ನಕ್ಕಿರಲಿಲ್ಲ, ಅವನೂ ನಕ್ಕಿರಲಿಲ್ಲ. ಆದರೆ ಬಾಯಿ ಮುಚ್ಚಿದರೆ ಅಳು ಬರುತ್ತದೆಂದು ಅವನಿಗೆ ಗೊತ್ತಿತ್ತು. ಅವನಿಗೆ ಗೊತ್ತಿದೆಯೆಂದು ಮಗಳಿಗೂ ಗೊತ್ತಿತ್ತು.

ಏಳು ಮಹಡಿಯ ಕಚೇರಿ ಕಟ್ಟಡದಲ್ಲಿ ಲಿಫ್ಟ್ ನಡೆಸಿ ನಿವೃತ್ತನಾದ ಮನುಷ್ಯ ತನ್ನ ಮನೆಯ ಲಿಫ್ಟಿನಲ್ಲಿ ಹಿಡಿಸುತ್ತಿಲ್ಲ. ಬೇರೆ ದಿನವಾಗಿದ್ದರೆ ಮಗಳು ಇದಕ್ಕೆ ನಗುತ್ತಿದ್ದಳು. ನಿನ್ನೆ ಬೆಳಿಗ್ಗೆಯಿಂದ ಅವಳು ಕೂತಿರಲಿಲ್ಲ. ಡಾಕ್ಟರು, ಫೋನುಗಳು, ಸಹಿಗಳು, ಮತ್ತೆ ಫೋನುಗಳು. ನಗುವುದಕ್ಕೂ ಮೈಯಲ್ಲಿ ಒಂದಿಷ್ಟು ಕಸುವು ಉಳಿದಿರಬೇಕು.

"ಹಾಗಾದ್ರೆ ಮೆಟ್ಟಿಲೇ," ಎಂದ ಗಾಡಿಯವನು. "ನಾಲ್ಕು ಮಹಡಿ. ನಾವಿಬ್ರು ಇದೀವಿ, ಡ್ರೈವರ್ ಗಾಡಿ ಬಿಟ್ಟು ಬರೋ ಹಾಗಿಲ್ಲ. ಮನೆಯವರು ಇನ್ನಿಬ್ರು ಬೇಕು. ಹನ್ನೊಂದೂವರೆಗೆ ಚಿತಾಗಾರದ ಹಾಲ್ ಕೊಟ್ಟಿದಾರೆ, ಹತ್ತೂಮುಕ್ಕಾಲಿಗೆ ಇಳಿಸೋಕೆ ಶುರು ಮಾಡೋಣ."

"ಹಾಲ್ ಅಂದ್ಮೇಲೆ ನೆನಪಾಯ್ತು," ಎಂದ ಚಿಕ್ಕಪ್ಪ. "ಅಲ್ಲಿ ಸ್ಪೀಕರ್ ಇದೆಯಂತೆ. ನಿನ್ನ ಆಲ್ಬಮ್‌ದು ಆ ಕೊನೇ ಹಾಡು ಹಾಕೋಕೆ ಹೇಳಿದೀನಿ. ಅಣ್ಣಂದು."

"ಅದು ಬೇಡ ಚಿಕ್ಕಪ್ಪ."

"ಯಾಕೆ?"

"ಅದ್ರ ಕೊನೆ ಸರಿಯಿಲ್ಲ."

"ಏನು ಸರಿಯಿಲ್ಲ? ಚೆನ್ನಾಗಿ ಮೇಲಕ್ಕೆ ಹೋಗುತ್ತೆ. ನಂಗೆ ಪ್ರತಿ ಸಲ ಮೈ ಜುಮ್ಮನ್ನುತ್ತೆ."

ಅದೇ ಸರಿಯಿಲ್ಲದಿರುವುದು ಎಂದು ಹೇಳಬೇಕೆನಿಸಿತು. ಹೇಳಲು ಹೋದರೆ ಎಲ್ಲವನ್ನೂ ಹೇಳಬೇಕಾಗುತ್ತದೆ. ಅವಳು ಒಳಗೆ ಹೋದಳು.

ಮುಂದಿನ ಕೋಣೆಯಲ್ಲಿ ಅಪ್ಪ ಬಿಳಿಯ ಹೊದಿಕೆಯ ಕೆಳಗೆ ಮಲಗಿದ್ದ. ಸೋಫಾದ ತುದಿಯಲ್ಲಿ ಅಮ್ಮ ಕೂತಿದ್ದಳು. ಬಂದವರಿಗೆಲ್ಲ ಒಂದೇ ಮಾತನ್ನು ಒಂದಕ್ಷರ ಆಚೀಚೆಯಾಗದಂತೆ ಹೇಳುತ್ತಿದ್ದಳು.

"ಕಾಫಿ ಆರ್ತಾ ಇದೆ ಅಂತ ಎರಡು ಸಲ ಕರೆದೆ. ಯಾವಾಗ್ಲೂ 'ಬಂದೆ ಇರಮ್ಮ, ಬಂದೆ' ಅಂತಾದ್ರೂ ಅನ್ನೋರು, ಬರೋದು ಅರ್ಧ ಗಂಟೆ ಬಿಟ್ಟೇ ಆದ್ರೂ. ನಿನ್ನೆ ಅದೂ ಅನ್ಲಿಲ್ಲ. ಆಗ್ಲೇ ನಂಗೆ ಗೊತ್ತಾಯ್ತು."

*

ಅಪ್ಪನ ಲಿಫ್ಟು ಹಳೆಯ ಕಾಲದ್ದು. ಕೈಯಿಂದ ಎಳೆಯುವ ಜಾಲರಿ ಬಾಗಿಲು, ತಿರುಗಿಸುವ ಹಿತ್ತಾಳೆಯ ಹಿಡಿ, ಯಾವುದಾದರೂ ಮಹಡಿಯಿಂದ ಕರೆದರೆ ಹತ್ತುವ ಕೆಂಪು ದೀಪ, ಹಿಂಬದಿಗೆ ಒಂದು ಕನ್ನಡಿ. ಅದು ಯಾವ ಮಹಡಿಯಲ್ಲೂ ಸರಿಯಾಗಿ ನೆಲಕ್ಕೆ ನಿಲ್ಲುತ್ತಿರಲಿಲ್ಲ. "ನೆಲ ನಾಲ್ಕು ಬೆರಳು ಎತ್ತರ ಇದೆ, ನೋಡ್ಕೊಂಡು" ಎಂದು ಅಪ್ಪ ಪ್ರತಿ ನಿಲುಗಡೆಯಲ್ಲೂ ಹೇಳುತ್ತಿದ್ದ. ಹೇಳಿ ಹೇಳಿ ಬಾಯಿಗೆ ಎಷ್ಟು ಅಂಟಿತ್ತೆಂದರೆ, ಮನೆಗೆ ಬಂದ ನೆಂಟರಿಗೂ ಹೊಸ್ತಿಲ ಹತ್ತಿರ ಅದನ್ನೇ ಹೇಳುತ್ತಿದ್ದ. ಹೇಳುವಾಗ ಒಂದು ಅಂಗೈಯನ್ನು ಬಾಗಿಲ ಅಂಚಿಗೆ ಅಡ್ಡ ಹಿಡಿಯುತ್ತಿದ್ದ, ಯಾರ ಮೇಲೂ ಮುಚ್ಚಿಕೊಳ್ಳದಿರಲೆಂದು.

ಮುಖ ಬಾಗಿಲಿಗೆ, ಬೆನ್ನು ಜನಕ್ಕೆ. ನೋಡದೆಯೇ ಕೆಮ್ಮಿನಿಂದ ಯಾರೆಂದು ಗುರುತು ಹಿಡಿಯುತ್ತಿದ್ದ. ಊಟದ ಹೊತ್ತಿಗೆ ಮನೆಯಲ್ಲಿ ಆ ಕೆಮ್ಮುಗಳನ್ನು ಒಂದೊಂದಾಗಿ ಕೆಮ್ಮಿ ತೋರಿಸುತ್ತಿದ್ದ. ಮೂರನೇ ಮಹಡಿಯದು ಕೂಡಿಸಿದ್ದು ತಾಳೆಯಾಗದಾಗಿನ ಕೆಮ್ಮು. ಐದನೆಯದು ಪೆನ್ಸಿಲ್ ಚೂಪು ಮಾಡಿದಂಥ ಕೆಮ್ಮು. ಏಳನೆಯದು ದೊಡ್ಡದು, ಎರಡು ಕಂತಿನದು: ಮೊದಲನೆಯದು "ನಾನು", ಎರಡನೆಯದು "ಬಂದಿದ್ದೇನೆ". ಅಮ್ಮ ತುತ್ತು ನೆತ್ತಿಗೇರಿಸಿಕೊಂಡು ನಗುತ್ತಿದ್ದಳು.

ಮತ್ತೆ ಆ ಹಾಡು. ಅದನ್ನು ಅಪ್ಪನೇ ಕಟ್ಟಿದ್ದ, ಬೆಳಗಿನ ಸವಾರಿಗೆಂದು. ಬಾಗಿಲು ಮುಚ್ಚಿದರೆ ಶುರು, ತೆರೆದರೆ ನಿಲುಗಡೆ, ಮತ್ತೆ ಮುಚ್ಚಿದರೆ ಬಿಟ್ಟಲ್ಲಿಂದ ಮುಂದಕ್ಕೆ. ಕಟ್ಟಡದೊಳಕ್ಕೆ ಮಕ್ಕಳನ್ನು ಬಿಡುತ್ತಿರಲಿಲ್ಲವಾದ್ದರಿಂದ ಮಗಳಿಗೆ ಅದು ಸಿಕ್ಕಿದ್ದು ಚೂರುಚೂರಾಗಿ: ಗಡ್ಡ ಹೆರೆಯುವಾಗ ಎರಡು ಸಾಲು, ಬೂಟು ಕಟ್ಟುವಾಗ ಅರ್ಧ ಸಾಲು.

ಮಗಳು ಹಗಲು ಹಲ್ಲಿನ ಡಾಕ್ಟರ ಬಳಿ ಫೋನ್ ಎತ್ತುತ್ತಿದ್ದಳು, ಸಂಜೆ ಹಾಡುತ್ತಿದ್ದಳು. ಮೂವತ್ತಾರನೆಯ ವಯಸ್ಸಿಗೆ ಮೊದಲ ಆಲ್ಬಮ್ ಮಾಡುವಾಗ, ಎಂಟು ಹಾಡು ತನ್ನವು, ಒಂಬತ್ತನೆಯದು ಅಪ್ಪನದು ಎಂದು ಗೊತ್ತು ಮಾಡಿಕೊಂಡಳು. ಒಂದು ಭಾನುವಾರ ಅಡುಗೆಮನೆಯಲ್ಲಿ ಸಕ್ಕರೆ ಡಬ್ಬಿಗೆ ಫೋನ್ ಒರಗಿಸಿ, "ಅಪ್ಪ, ಪೂರ್ತಿ ಹಾಡು. ರೆಕಾರ್ಡ್ ಮಾಡ್ಕೋತೀನಿ," ಎಂದಳು.

ಅಪ್ಪ ಅವಳಿಗೆ ಬೆನ್ನು ತಿರುಗಿಸಿ, ಫ್ರಿಜ್ಜಿಗೆ ಮುಖ ಮಾಡಿ ನಿಂತ.

ಬೆಳಗಿನ ಮುಖಗಳ ಹೊತ್ತೆ ನಾ ಮೇಲಕೆ
ಮಾತಿಲ್ಲ ಕತೆಯಿಲ್ಲ, ಕಣ್ತುಂಬ ನಿದ್ದೆ
ಒಬ್ಬೊಬ್ಬರನ್ನೂ ಅವರವರ ಬಾಗಿಲಿಗೆ
ಇಳಿಸುತ್ತ ಇಳಿಸುತ್ತ ಹಗುರಾದೆ ನಾ

ಅಲ್ಲಿಗೆ ನಿಲ್ಲಿಸಿದ. ಮಗಳು ಕಾದಳು. ಫ್ರಿಜ್ಜು ಗುಯ್‌ಗುಟ್ಟುತ್ತಿತ್ತು.

"ಆಯ್ತಾ?"

"ಮೇಲೆ ಬಂದ್ವಲ್ಲ," ಎಂದ ಅಪ್ಪ, ತಿರುಗದೆ.

ಅವಳು ಗುಂಡಿ ಒತ್ತಿ ರೆಕಾರ್ಡಿಂಗ್ ನಿಲ್ಲಿಸಿದಳು. ಅವನು ಇನ್ನೂ ಸ್ವಲ್ಪ ಹೊತ್ತು ಹಾಗೇ ನಿಂತಿದ್ದ. ಆಮೇಲೆ ತಿರುಗಿ, ಅವಳಾಗಲೇ ಫೋನ್ ಕೈಗೆತ್ತಿಕೊಂಡಿದ್ದು ನೋಡಿ, "ಸರಿ," ಎಂದು ಒಂದು ಲೋಟ ನೀರು ಕುಡಿದ.

ಹಾಡು ಗಾಳಿಯಲ್ಲಿ ನೇತಾಡಿದಂತಿತ್ತು. ಅದಕ್ಕೊಂದು ಕೊನೆ ಬೇಕಿತ್ತು. ಅವಳೇ ಬರೆದಳು: ಮುಗಿಲಿನ ಬಾಗಿಲ ತಟ್ಟಿದೆ ನಾ. ಕೊನೆಯ "ನಾ"ವನ್ನು ಎಷ್ಟು ಮೇಲಕ್ಕೆ ಹೋಗುತ್ತದೋ ಅಷ್ಟು ಮೇಲಕ್ಕೆ ಒಯ್ದಳು.

*

ಒಂಬತ್ತೂವರೆಯಿಂದ ಕಚೇರಿ ಕಟ್ಟಡದವರು ಬರತೊಡಗಿದರು. ಯಾರೂ ಹೆಸರು ಹೇಳಲಿಲ್ಲ.

"ನಾನು ಮೂರನೇ ಮಹಡಿ," ಎಂದರು ಕೈಚೀಲವನ್ನು ಎದೆಗೊತ್ತಿಕೊಂಡ ಹೆಂಗಸು, ಅಮ್ಮನ ಪಕ್ಕ ಕೂರುತ್ತ. "ಲೆಕ್ಕಪತ್ರ ವಿಭಾಗ. ಇಪ್ಪತ್ತೆರಡು ವರ್ಷ ನಮ್ಮನ್ನ ಮೇಲಕ್ಕೆ ಕರ್ಕೊಂಡು ಹೋದ್ರು ಲಿಫ್ಟಣ್ಣ."

"ನಾನು ಐದು," ಎಂದರು ಉದ್ದನೆಯ ಬೆರಳುಗಳ ಗಂಡಸು, ಕಟ್ಟಡಗಳ ನಕ್ಷೆ ಬರೆಯುವವರು. "ಈಗ ಅಲ್ಲಿ ಹೊಸ ಲಿಫ್ಟು ಬಂದಿದೆ. ಅದರೊಳಗೆ ಒಂದು ಹೆಣ್ಣು ದನಿ ಮಹಡಿ ಹೇಳುತ್ತೆ. ಕಾಲು ಎಡವಿದ್ರೂ ಕೇಳೋರಿಲ್ಲ."

ಬಾಗಿಲಾಚೆ ಎರಡು ಕಂತಿನ ಕೆಮ್ಮು ಕೇಳಿತು. ಟ್ರೇ ಹಿಡಿದು ನಿಂತಿದ್ದ ಮಗಳ ಕೈ ಅಲ್ಲೇ ತಡೆಯಿತು. ಆ ಕೆಮ್ಮನ್ನು ಅವಳು ಇಪ್ಪತ್ತು ವರ್ಷ ಊಟದ ಹೊತ್ತಿನಲ್ಲಿ ಕೇಳಿದ್ದಳು, ಅಪ್ಪನ ಬಾಯಿಂದ.

"ಬನ್ನಿ ಸಾರ್, ಏಳನೇ ಮಹಡಿ ಅಲ್ವಾ," ಎಂದಳು.

ಕೋಲು ಊರಿಕೊಂಡು ಒಳಬಂದ ಮುದುಕರು ಬೆರಗಾದರು. "ನಿಮಗೆ ಹೇಗೆ ಗೊತ್ತಾಯ್ತು?"

"ಅಪ್ಪ ಹೇಳ್ತಿದ್ದ," ಎಂದಷ್ಟೇ ಅಂದಳು.

ಮಾತು ಹಾಡಿನ ಕಡೆ ತಿರುಗಿದ್ದು ಯಾರಿಂದಲೋ. ಮೂರನೇ ಮಹಡಿಯವರು ಹೊದಿಕೆಯತ್ತ ನೋಡುತ್ತ ಮೆಲ್ಲಗೆ ಗುನುಗಿದರು. 'ಕಣ್ತುಂಬ ನಿದ್ದೆ'ಗೆ ಬಂದು ನಿಲ್ಲಿಸಿದರು.

"ಮುಂದೆ?" ಎಂದ ಚಿಕ್ಕಪ್ಪ.

"ಮುಂದೆ ಗೊತ್ತಿಲ್ಲಪ್ಪ. ಅಲ್ಲಿಗೆ ನಮ್ಮ ಮಹಡಿ ಬಂದ್ಬಿಡ್ತಿತ್ತು."

"ಮುಂದಿನದು ನಂಗೊತ್ತು," ಎನ್ನುತ್ತ ನಕ್ಷೆಯವರು 'ಅವರವರ ಬಾಗಿಲಿಗೆ' ತನಕ ಹೇಳಿ, ಪಕ್ಕದವರ ಮುಖ ನೋಡಿದರು. "ಆಮೇಲೆ ನಾನು ಇಳೀತಿದ್ದೆ."

ಮೂರನೇ ಮಹಡಿಯವರು ಅಳುತ್ತಲೇ ಸಣ್ಣಗೆ ನಕ್ಕರು. "ಇಪ್ಪತ್ತೆರಡು ವರ್ಷ ಆದ್ಮೇಲೆ ಇವತ್ತು ಒಂದು ಸಾಲು ಮುಂದೆ ಹೋದೆ ನೋಡಿ."

ಮಗಳು ಟ್ರೇಯನ್ನು ಕೆಳಗಿಟ್ಟಳು. ಒಂದು ಪ್ರಶ್ನೆಯನ್ನು ಅವಳು ಆಲ್ಬಮ್ ಬಿಡುಗಡೆಯಾದಂದಿನಿಂದ, ಹದಿನಾಲ್ಕು ತಿಂಗಳಿಂದ, ಗಂಟಲಲ್ಲಿ ಇಟ್ಟುಕೊಂಡಿದ್ದಳು. ಅಪ್ಪನನ್ನೇ ಕೇಳಬಹುದಿತ್ತು. ನಾಳೆ ಕೇಳೋಣ ಎಂದುಕೊಂಡು ಹದಿನಾಲ್ಕು ತಿಂಗಳು ಹೋಗಿತ್ತು.

"ಸಾರ್, ನೀವು ಕೊನೇ ಮಹಡಿ. ಅಪ್ಪ ಅಲ್ಲಿ ಹೇಗೆ ಮುಗಿಸ್ತಿದ್ದ?"

ಏಳನೇ ಮಹಡಿಯವರು ಕೋಲಿನ ಹಿಡಿಯನ್ನು ಸವರುತ್ತ ಕೂತರು. "ನಾನಿದ್ರೆ ಹಾಡ್ತಿರ್ಲಿಲ್ಲಮ್ಮ. 'ನಮಸ್ಕಾರ ಸಾರ್' ಅಂದು ಸುಮ್ನಾಗೋನು. ಒಂದ್ಸಲ ಮೇಲೆ ಬಾಗಿಲ ಹೊರಗೆ ಅಡಗಿ ನಿಂತು ಕೇಳೋಣ ಅಂತ ನೋಡಿದೆ. ದನಿ ಬರ್ತಾ ಇತ್ತು. ಅಷ್ಟರಲ್ಲಿ ನಂಗೆ ಕೆಮ್ಮು ಬಂತು."

ಮಗಳು ಟ್ರೇಯನ್ನು ಮತ್ತೆ ಎತ್ತಿಕೊಂಡಳು.

ಬಾಗಿಲ ಬಳಿ, ಚಪ್ಪಲಿಗಳ ಪಕ್ಕ, ಒಬ್ಬ ವಯಸ್ಸಾದ ಹೆಂಗಸು ಕೂತಿದ್ದಳು. ಬಂದಾಗಿನಿಂದ ಎಲ್ಲರ ಚಪ್ಪಲಿಗಳನ್ನು ಜೋಡಿ ಮಾಡಿ ಗೋಡೆಗೆ ಒತ್ತಾಗಿ ಇಡುತ್ತಿದ್ದಳು. ಮಗಳು ಅವಳಿಗೂ ಕಾಫಿ ಕೊಟ್ಟು, "ನೀವು ಯಾವ ಮಹಡಿ?" ಎಂದಳು.

"ನಂದ್ಯಾವ ಮಹಡಿ ಬಂತು," ಎಂದಳು ಆಕೆ. "ಎಲ್ಲಾ ಮಹಡೀನೂ ಒರೆಸೋಳು. ನಿಮ್ಮಪ್ಪ ಬಕೆಟ್ ಅಕ್ಕ ಅನ್ನೋನು."

ಇನ್ನೊಂದು ಮಾತು ಕೇಳುವಷ್ಟರಲ್ಲಿ ಗಾಡಿಯವನು ಬಂದು ಗಡಿಯಾರ ತೋರಿಸಿದ.

*

ಆಲ್ಬಮ್ ಬಿಡುಗಡೆಯಾದದ್ದು ಇದೇ ಕೋಣೆಯಲ್ಲಿ. ಊಟದ ಮೇಜನ್ನು ಗೋಡೆಗೆ ಸರಿಸಿ, ಅಕ್ಕಪಕ್ಕದ ಮನೆಗಳಿಂದ ಕುರ್ಚಿ ತಂದು, ಇಪ್ಪತ್ತೈದು ಜನ. ಹಲ್ಲಿನ ಡಾಕ್ಟರೂ ಬಂದಿದ್ದರು. ಮಗಳು ಗಿಟಾರ್ ಹಿಡಿದು ಎಂಟು ಹಾಡು ಹಾಡಿದಳು. ಎಂಟಕ್ಕೂ ಚಪ್ಪಾಳೆ ಬಿತ್ತು. ನೆಂಟರ ಚಪ್ಪಾಳೆಯನ್ನು ಎಷ್ಟು ನಂಬಬೇಕೆಂದು ಗೊತ್ತಿದ್ದರೂ ಅವಳ ಕೆನ್ನೆ ಕಾವೇರಿತ್ತು.

"ಒಂಬತ್ತನೇದು ಅಪ್ಪಂದು. ಅಪ್ಪಾನೇ ಹಾಡ್ತಾನೆ."

ಅಪ್ಪ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಎದ್ದು ಬಂದ. ಜನರನ್ನು ಒಮ್ಮೆ ನೋಡಿದ. ನಿಧಾನವಾಗಿ ತಿರುಗಿ, ಸ್ವಿಚ್ಚುಗಳಿದ್ದ ಗೋಡೆಗೆ ಮುಖ ಮಾಡಿ ನಿಂತ. ಒಂದಿಬ್ಬರು ಕಿಸಕ್ಕನೆ ನಕ್ಕರು.

ಹಾಡು ಎರಡನೇ ಸಾಲಿಗೆ ಬಂದಾಗ ಮನೆಯ ಬಾಗಿಲು ತೆರೆಯಿತು. ಕೆಳಮನೆಯವರು, ತಡವಾಯಿತೆಂದು ಹಲ್ಲು ಕಿರಿಯುತ್ತ ಒಳಬಂದರು. ಅಪ್ಪ ನಿಲ್ಲಿಸಿದ. ಅವರು ಕೂತು ಬಾಗಿಲು ಮುಚ್ಚಿದ ಮೇಲೆ ಬಿಟ್ಟಲ್ಲಿಂದ ಎತ್ತಿಕೊಂಡ. ಮೂರನೇ ಸಾಲಿಗೆ ಚಿಕ್ಕಪ್ಪ, ಐಸ್‌ಕ್ರೀಮ್ ಡಬ್ಬಗಳೊಂದಿಗೆ. ಅಪ್ಪ ಮತ್ತೆ ನಿಲ್ಲಿಸಿದ. ಈಗ ಇಡೀ ಕೋಣೆ ನಗುತ್ತಿತ್ತು. ಬೇಕೆಂದೇ ಮಾಡುತ್ತಿದ್ದಾನೆ, ಎಂಥ ತಮಾಷೆಯ ಮನುಷ್ಯ ಎಂದುಕೊಂಡು. ಬೇಕೆಂದು ಮಾಡುತ್ತಿಲ್ಲವೆಂದು ಗೊತ್ತಿದ್ದವಳು ಮಗಳೊಬ್ಬಳೇ. ಅವಳಿಗೆ ನಾಚಿಕೆಯಾಗುತ್ತಿತ್ತು.

ಹಗುರಾದೆ ನಾ, ಎಂದು ಅಪ್ಪ ಮೇಲೆ ತಲುಪಿದ. ತಲುಪಿ ಸುಮ್ಮನೆ ನಿಂತ, ಗೋಡೆ ನೋಡುತ್ತ. ಒಂದು ಕ್ಷಣ, ಎರಡು ಕ್ಷಣ. ಯಾರೋ ಕುರ್ಚಿ ಸರಿಸಿದರು. ಮಗಳು ತಡೆಯಲಾರದೆ ಗಿಟಾರ್ ಮೀಟಿ ತನ್ನ ಕೊನೆಯನ್ನು ಹಾಡಿದಳು, ಮುಗಿಲಿನ ಬಾಗಿಲ ತನಕ. ಚಪ್ಪಾಳೆ.

"ಅಪ್ಪ ಕೊನೇ ಸಾಲು ಮರೆತುಬಿಟ್ಟ," ಎಂದಳು ಮೈಕಿನಲ್ಲಿ, ನಗುತ್ತ. "ಪರವಾಗಿಲ್ಲ. ಅದಕ್ಕೇ ತಾನೇ ಮಗಳು ಇರೋದು."

ಎಲ್ಲರೂ ನಕ್ಕರು. ಅಪ್ಪನೂ ತಿರುಗಿ ನಕ್ಕ. ಏನೋ ಹೇಳಲು ಬಾಯಿ ತೆರೆದವನು ಮತ್ತೆ ಮುಚ್ಚಿಕೊಂಡು, ಬಾಗಿಲ ಬಳಿ ಹೋಗಿ ನಿಂತ. ಬಂದವರು ಹೋಗುವತನಕ ಅಲ್ಲೇ ಇದ್ದು, ಒಬ್ಬೊಬ್ಬರಿಗೂ ಬಾಗಿಲು ಹಿಡಿದು, ಹೊಸ್ತಿಲು ನೋಡಿಕೊಳ್ಳಲು ಹೇಳುತ್ತಿದ್ದ.

ಆ ದಿನದ ಮೇಲೆ ಅಪ್ಪ ಗಡ್ಡ ಹೆರೆಯುವಾಗ ಅಡುಗೆಮನೆಗೆ ಕೇಳಿಸುತ್ತಿದ್ದುದು ನಲ್ಲಿಯ ಸದ್ದು ಮಾತ್ರ.

*

ಮುಂದೆ ಗಾಡಿಯವರಿಬ್ಬರು, ಹಿಂದೆ ಚಿಕ್ಕಪ್ಪ ಮತ್ತು ನಕ್ಷೆಯವರು. ಮಗಳು ಎಲ್ಲರಿಗಿಂತ ಮುಂದೆ, ದಾರಿ ಬಿಡಿಸಲು. ಹಿಂದೆ ಮೂರನೇ ಮಹಡಿಯವರು, ಏಳನೇ ಮಹಡಿಯವರ ಕೋಲಿನ ಟಕ್ ಟಕ್. ಕೊನೆಯಲ್ಲಿ ಅಮ್ಮ, ಅವಳ ಮೊಣಕೈ ಹಿಡಿದು ಬಕೆಟ್ ಅಕ್ಕ.

"ಎಡಕ್ಕೆ ತಿರುಗಿಸಿ. ತಲೆ ಕಡೆ ಎತ್ತಿ. ಇನ್ನೂ ಎತ್ತಿ," ಎನ್ನುತ್ತಿದ್ದ ಗಾಡಿಯವನು. ತಿರುವಿನಲ್ಲಿ ಯಾರದೋ ಸೈಕಲ್ಲು ಅಡ್ಡ ಇತ್ತು. ಮಗಳು ಅದನ್ನು ಮೂಲೆಗೆ ನೂಕಿದಳು. ಮೂರನೇ ಮಹಡಿಯ ಮೆಟ್ಟಿಲ ಬಳಿ ಇಳಿಸಿ ಉಸಿರು ತೆಗೆದುಕೊಂಡರು.

"ಮೇಲಕ್ಕೂ ಕೆಳಕ್ಕೂ ಇಷ್ಟು ಜನಾನ ಹೊತ್ತ," ಎಂದು ಏದುಸಿರಿನಲ್ಲಿ ಶುರು ಮಾಡಿದ ಚಿಕ್ಕಪ್ಪ. ಜೋಕು ಅರ್ಧದಲ್ಲೇ ನಿಂತಿತು. ಅವನ ಅಂಗಿಯ ಜೇಬಿನಲ್ಲಿ ಫೋನು, ಫೋನಿನಲ್ಲಿ ಆ ಹಾಡು, ಹಾಲ್‌ಗೆಂದು ತೆಗೆದಿಟ್ಟುಕೊಂಡದ್ದು.

ಮತ್ತೆ ಎತ್ತಿದರು. ಆಗ ಮಗಳಿಗೆ ಮೇಲಿನಿಂದ ಒಂದು ಸಣ್ಣ ದನಿ ಕೇಳಿತು. ರಾಗ ಗೊತ್ತಿತ್ತು, ಸಾಲು ಗೊತ್ತಿರಲಿಲ್ಲ.

ಬರುವಾಗ ಒಬ್ಬನೇ, ಕನ್ನಡಿಯೊಳಗೊಬ್ಬ
ಇಬ್ಬರೂ ಸೇರಿ ಇಳಿದೇವು ಕೆಳಗೆ

ಅವಳು ನಿಂತಳು. ಹಿಂದಿದ್ದವರೂ ನಿಲ್ಲಬೇಕಾಯಿತು.

"ಅದ್ಯಾವ್ದು?" ಎಂದು ತಲೆಯೆತ್ತಿ ಕೇಳಿದಳು. "ಅಕ್ಕಾ, ಅದ್ಯಾವ ಹಾಡು?"

ಬಕೆಟ್ ಅಕ್ಕ ಮೆಟ್ಟಿಲ ಕಂಬಿಗೆ ಒರಗಿ ಕೆಳಗೆ ಬಗ್ಗಿ ನೋಡಿದಳು, ತಪ್ಪು ಮಾಡಿದವಳಂತೆ. "ಅದೇ ಹಾಡು ಕಣಮ್ಮ. ಇಳಿಯೋವಾಗಿಂದು. ಮೆಟ್ಟಿಲು ಇಳಿಯೋವಾಗ ಹಂಗೇ ಬಾಯಿಗೆ ಬಂತು."

"ಅದು ಏಳರಲ್ಲಿ ಮುಗಿಯುತ್ತಲ್ಲ?"

"ಮುಗಿದ್ರೆ ಲಿಫ್ಟು ಕೆಳಗೆ ಬರೋದು ಹೆಂಗೆ?" ಎಂದಳು ಆಕೆ, ಇದೇನು ಕೇಳುತ್ತೀ ಎಂಬಂತೆ. "ಮೇಲೆ ಹೋದ್ಮೇಲೆ ಎಲ್ರೂ ಇಳೀಲಿ ಅಂತ ಸುಮ್ನೆ ನಿಂತಿರೋನು. ಆಮೇಲೆ ಬಾಗಿಲು ಹಾಕ್ಕೊಂಡು ಇದನ್ನ ಶುರು ಮಾಡೋನು. ನಂದು ಬೆಳಗ್ಗೆ ತಾರಸಿಯಿಂದ ಕೆಳಗೆ ಒರೆಸ್ಕೊಂಡು ಬರೋ ಕೆಲಸ. ಬಕೆಟ್ ಇಟ್ಕೊಂಡು ಅವನ ಜತೇಲೇ ಇಳೀತಿದ್ದೆ. ಖಾಲಿ ಲಿಫ್ಟು, ಇನ್ಯಾರು ಕೇಳ್ತಾರೆ."

ಮಗಳ ಕಣ್ಮುಂದೆ ಬಂತು: ಫ್ರಿಜ್ಜಿನ ಮುಂದೆ ನಿಂತ ಒಂದು ಬೆನ್ನು, ಸ್ವಿಚ್ಚುಗಳ ಮುಂದೆ ನಿಂತ ಅದೇ ಬೆನ್ನು.

"ಮೇಡಂ, ತೂಕ ಇದೆ," ಎಂದ ಗಾಡಿಯವನು, ಮೆಲ್ಲಗೆ.

"ನಡೀರಿ," ಎಂದಳು. "ಅಕ್ಕ, ನೀವು ಹಾಡಿ."

"ಛೆ, ಇಂಥ ಹೊತ್ತಲ್ಲಿ ಯಾರಾದ್ರೂ..."

"ಹಾಡು," ಎಂದಳು ಅಮ್ಮ. ಬೆಳಗಿನಿಂದ ಆಡುತ್ತಿದ್ದ ಮಾತನ್ನು ಬಿಟ್ಟು ಅಮ್ಮ ಆಡಿದ ಮೊದಲ ಮಾತು ಅದು.

ಬಕೆಟ್ ಅಕ್ಕನದು ಹಾಡುವ ಗಂಟಲೇನಲ್ಲ. ನೀರು ಕಾಣದ ಗಿಡದಂಥ ಒಣ ದನಿ. ಸಾಲು ಸಾಲಿಗೂ ಉಸಿರಿಗೆ ನಿಲ್ಲುತ್ತಿದ್ದಳು. ಮತ್ತೆ ಮೊದಲಿನಿಂದ ಶುರು ಮಾಡಿದಳು, ಬರುವಾಗ ಒಬ್ಬನೇ ಎಂದು. ಎರಡನೇ ಮಹಡಿ. ಮನೆಯ ಬಾಗಿಲೊಂದು ಅರ್ಧ ತೆರೆದು, ಒಳಗಿನವರು ನೋಡಿ, ಹಾಗೇ ನಿಂತರು. ಇಬ್ಬರೂ ಸೇರಿ. ಮೊದಲನೇ ಮಹಡಿಯ ತಿರುವಿನಲ್ಲಿ ಚಿಕ್ಕಪ್ಪ, "ಹಾಲ್‌ನೋರಿಗೆ ಫೋನ್ ಮಾಡಿ ಸ್ಪೀಕರ್ ಬೇಡ ಅಂತ ಹೇಳ್ಬಿಡ್ತೀನಿ," ಎಂದ, ಯಾರ ಮುಖವನ್ನೂ ನೋಡದೆ.

ಕೆಳಗೆ ಬಂದಾಗ ಹಾಡು ಇನ್ನೂ ಮುಗಿದಿರಲಿಲ್ಲ.

ಬೀದಿ ಬಾಗಿಲು ಭಾರವಾದ ಗಾಜಿನದು, ಒಳಕ್ಕೆ ತೆರೆಯುವಂಥದು. ಆಚೆ ಗಾಡಿ ನಿಂತಿತ್ತು. ಇವರು ಇಳಿದದ್ದು ಕಂಡು ಡ್ರೈವರ್ ಓಡಿ ಬಂದು ಬಾಗಿಲು ನೂಕಿದ. ಮಗಳು ಎರಡು ಹೆಜ್ಜೆಯಲ್ಲಿ ಹೋಗಿ ಬಾಗಿಲಿಗೆ ಬೆನ್ನು ಕೊಟ್ಟು ನಿಂತಳು. ಡ್ರೈವರ್ ಮತ್ತೆ ನೂಕಿದ. ಅವಳು ಕಾಲು ಊರಿ ಒತ್ತಿ ಹಿಡಿದಳು. ಅವನು ಗಾಜು ತಟ್ಟಿದ.

"ಮೇಡಂ," ಎಂದ ಗಾಡಿಯವನು. ನಾಲ್ಕೂ ಜನರ ಹಣೆಯಲ್ಲಿ ಬೆವರು ಇಳಿಯುತ್ತಿತ್ತು. "ಬಾಗಿಲು."

"ಒಂದು ನಿಮಿಷ. ತೆಗೆದ್ರೆ ನಿಂತ್ಹೋಗುತ್ತೆ."

ಅವನು ಅವಳನ್ನು ನೋಡಿದ. ಮತ್ತೆ ಕೇಳಲಿಲ್ಲ. ಸ್ಟ್ರೆಚರಿನ ಹಿಡಿಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿಕೊಂಡ.

ಬಕೆಟ್ ಅಕ್ಕ ಕೊನೆಯ ಮೆಟ್ಟಿಲುಗಳನ್ನು ಒಂದೊಂದಾಗಿ ಇಳಿಯುತ್ತಿದ್ದಳು, ಅಮ್ಮನನ್ನು ಇಳಿಸುತ್ತ.

ಕೆಂಪು ದೀಪ ಹತ್ತಿದೆ, ಕಾಯುವರು ಯಾರೋ
ಬಂದೆ ಇರಪ್ಪ, ಬಂದೆ ಇರಮ್ಮ, ಬಂದೆ

ಅಮ್ಮ ಮೆಟ್ಟಿಲ ಮೇಲೆಯೇ ನಿಂತುಬಿಟ್ಟಳು. ಕಂಬಿಯನ್ನು ಗಟ್ಟಿಯಾಗಿ ಹಿಡಿದು, "ಹ್ಞೂಂ," ಎಂದಳು, ಒಳಕೋಣೆಯಿಂದ ಯಾರೋ ಓಗೊಟ್ಟಾಗ ಅನ್ನುವಂತೆ.

ಮಗಳು ಇನ್ನೊಂದು ಉಸಿರಿನಷ್ಟು ಕಾದಳು. ಆಮೇಲೆ ಬಾಗಿಲಿನಿಂದ ಬೆನ್ನು ತೆಗೆದು, ಪೂರ್ತಿ ಒಳಕ್ಕೆ ಎಳೆದು, ಪಕ್ಕಕ್ಕೆ ನಿಂತಳು. ಬೀದಿಯ ಸದ್ದು ಒಳನುಗ್ಗಿತು.

"ಹೊಸ್ತಿಲು ನಾಲ್ಕು ಬೆರಳು ಎತ್ತರ ಇದೆ," ಎಂದಳು. "ನೋಡ್ಕೊಂಡು."

ನಾಲ್ವರೂ ಕಾಲೆತ್ತಿ ದಾಟಿದರು. ಹಿಂದೆ ಮೂರನೇ ಮಹಡಿ ದಾಟಿತು, ಏಳನೇ ಮಹಡಿ ದಾಟಿತು. ಅಮ್ಮನೂ ಬಕೆಟ್ ಅಕ್ಕನೂ ದಾಟಿ ಬಿಸಿಲಿಗೆ ಇಳಿಯುವವರೆಗೂ ಅವಳ ಅಂಗೈ ಬಾಗಿಲ ಅಂಚಿಗೆ ಅಡ್ಡವಾಗಿ ಹಾಗೇ ಇತ್ತು.